ರುಜುವಾತಿನ ಹೊಣೆ ಯಾರದು? ದೇವರು, ಶಾಸ್ತ್ರ ಮತ್ತು ಪವಾಡಗಳ ವಾದದಲ್ಲಿ

ರುಜುವಾತಿನ ಹೊಣೆ ಎಂಬುದು ಎರಡು ಪ್ರಶ್ನೆಗಳಿಗೆ ಸಂಬಂಧಿಸಿದ ಮಾತು. ವಾದದಲ್ಲಿ ಆಧಾರ ತಂದು ಮುಂದಿಡಬೇಕಾದವರು ಯಾರು? ಇಟ್ಟ ಆಧಾರ ಸಾಲದೆ ಹೋದರೆ ಸೋಲು ಯಾರ ಪಾಲಿಗೆ? ಸಾಲದ ವ್ಯಾಜ್ಯದಲ್ಲಾಗಲಿ ಕೊಲೆ ಮೊಕದ್ದಮೆಯಲ್ಲಾಗಲಿ ಇವೆರಡಕ್ಕೂ ಕಾನೂನಿನಲ್ಲೇ ಉತ್ತರ ಸಿಗುತ್ತದೆ. ದೇವರಿದ್ದಾನೆಯೇ, ಶಾಸ್ತ್ರ ಪ್ರಮಾಣವೇ, ಪವಾಡ ನಿಜವಾಗಿ ನಡೆಯಿತೇ ಎಂಬ ವಾದಗಳಲ್ಲಿ ಅಂಥ ಒಪ್ಪಿತ ಉತ್ತರವಿಲ್ಲ. ನಂಬುವವರು ‘ಇಲ್ಲವೆಂದು ತೋರಿಸಿ’ ಎನ್ನುತ್ತಾರೆ, ನಂಬದವರು ‘ಇದೆಯೆಂದು ತೋರಿಸಿ’ ಎನ್ನುತ್ತಾರೆ. ಚರ್ಚೆ ವಿಷಯಕ್ಕೆ ಬರುವ ಮೊದಲೇ ಬಾಗಿಲಲ್ಲಿ ನಿಂತುಬಿಡುತ್ತದೆ. ಆದರೆ ಭಾರತದಲ್ಲೂ ಯುರೋಪಿನಲ್ಲೂ ಈ ವಾದವನ್ನು ಬಲ್ಲವರು ಹೇಗೆ ನಡೆಸಿದರು ಎಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊಣೆ ಆಸ್ತಿಕ, ನಾಸ್ತಿಕ ಎಂಬ ಹೆಸರುಗಳಿಗೆ ಅಂಟಿಕೊಂಡದ್ದಲ್ಲ. ಯಾರು ಏನನ್ನು ಹೇಳಿದರು, ಆ ಮಾತಿನ ಬಲದ ಮೇಲೆ ಇತರರಿಂದ ಏನನ್ನು ಕೇಳಿದರು ಎಂಬುದರ ಹಿಂದೆ ಅದು ಹೋಗುತ್ತದೆ.

ಹೊಣೆ ಹೀಗೆ ಕೈ ಬದಲಾಯಿಸುವುದನ್ನು ಅಚ್ಚುಕಟ್ಟಾಗಿ ಬಿಡಿಸಿಟ್ಟ ಗ್ರಂಥಗಳಲ್ಲೊಂದು ಕನ್ನಡ ನಾಡಿನಲ್ಲೇ ರಚಿತವಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಹಂಚಿಕೆಯ ವಿಚಾರದಲ್ಲಿ ಅದರ ಹೆಸರು ಕೇಳದ ವಕೀಲರಿಲ್ಲ. ನ್ಯಾಯಸ್ಥಾನದ ನಡಾವಳಿಯನ್ನು ಕುರಿತ ಅದರ ಭಾಗ ಮಾತ್ರ ಸಾರ್ವಜನಿಕ ಚರ್ಚೆಯಲ್ಲಿ ಅಷ್ಟಾಗಿ ಬಂದಿಲ್ಲ. ದೂರಿಗೆ ಪ್ರತಿವಾದಿ ಕೊಡಬಹುದಾದ ಉತ್ತರ ನಾಲ್ಕು ಬಗೆ ಎಂದು ಅದು ಹೇಳುತ್ತದೆ. ಒಬ್ಬನು ‘ಇವನು ನನಗೆ ನೂರು ಕೊಡಬೇಕು’ ಎಂದು ದೂರಿದ ಎನ್ನೋಣ. ‘ಹೌದು, ಕೊಡಬೇಕು’ ಎಂದು ಎದುರಾಳಿ ಒಪ್ಪಿದರೆ ಅದು ಸಂಪ್ರತಿಪತ್ತಿ. ಅಲ್ಲಿ ರುಜುವಾತಿಗೆ ಕೆಲಸವೇ ಇಲ್ಲ. ‘ಸುಳ್ಳು, ನಾನು ತೆಗೆದುಕೊಂಡೇ ಇಲ್ಲ’ ಎಂದರೆ ಮಿಥ್ಯೋತ್ತರ; ಸಾಕ್ಷಿಯನ್ನೋ ಪತ್ರವನ್ನೋ ದೂರು ಕೊಟ್ಟವನು ತರಬೇಕು. ‘ತೆಗೆದುಕೊಂಡದ್ದು ನಿಜ, ಆದರೆ ಹಿಂದಿರುಗಿಸಿದ್ದೇನೆ’ ಎಂದರೆ ಅದು ಕಾರಣೋತ್ತರ. ಈಗ ರುಜುವಾತು ಮಾಡಬೇಕಾದವನು ಪ್ರತಿವಾದಿ. ‘ಈ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿ ಇವನು ಸೋತಿದ್ದಾನೆ’ ಎಂಬುದು ಪ್ರಾಙ್ನ್ಯಾಯ. ಅದಕ್ಕೂ ಆಧಾರ ತೋರಿಸಬೇಕಾದವನು ಪ್ರತಿವಾದಿಯೇ.

ದೂರು ಅದೇ, ನೂರು ಅದೇ, ಎದುರಾಳಿಯೂ ಅವನೇ. ಬದಲಾದದ್ದು ಅವನು ಕೊಟ್ಟ ಉತ್ತರ. ಅದರೊಂದಿಗೆ ಹೊಣೆಯೂ ಬದಲಾಯಿತು. ಧರ್ಮದ ವಾದಕ್ಕೆ ಇದನ್ನು ಹಚ್ಚಿ ನೋಡಿದರೆ ಬಹಳಷ್ಟು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ‘ದೇವರಿದ್ದಾನೆ ಎಂಬ ನಿಮ್ಮ ಮಾತು ಸಿದ್ಧವಾಗಿಲ್ಲ’ ಎನ್ನುವವನು ಕೊಡುತ್ತಿರುವುದು ಮಿಥ್ಯೋತ್ತರ. ಅವನು ಬೇರೇನನ್ನೂ ಸಾಧಿಸಿ ತೋರಿಸಬೇಕಾಗಿಲ್ಲ. ಅದೇ ಮನುಷ್ಯ ‘ದೇವರೆಂಬುದು ಭಯದಿಂದ ಹುಟ್ಟಿದ ಕಲ್ಪನೆ’ ಎಂದಕೂಡಲೇ ಮನುಷ್ಯರ ಮನಸ್ಸಿನ ಬಗ್ಗೆ, ಇತಿಹಾಸದ ಬಗ್ಗೆ ಹೊಸದೊಂದು ಸಂಗತಿಯನ್ನು ತಂದಿಟ್ಟಂತಾಯಿತು. ಅದರ ಆಧಾರ ಅವನೇ ಕೊಡಬೇಕು. ಇದು ನಂಬುವವನಿಗೂ ಅನ್ವಯಿಸುತ್ತದೆ. ಲೋಕದಲ್ಲಿ ಇಷ್ಟು ದುಃಖವಿರುವಾಗ ಕರುಣಾಮಯನಾದ ದೇವರು ಹೇಗಿರಲು ಸಾಧ್ಯ ಎಂಬ ಪ್ರಶ್ನೆಗೆ ‘ಅದು ಪೂರ್ವಜನ್ಮದ ಕರ್ಮಫಲ’ ಎಂದು ಉತ್ತರಿಸಿದರೆ ಅದು ಕಾರಣೋತ್ತರ. ದುಃಖವನ್ನು ಒಪ್ಪಿ, ಅದರ ಮೇಲೆ ಪೂರ್ವಜನ್ಮವೆಂಬ ಇನ್ನೊಂದು ಸಂಗತಿಯನ್ನು ಹೇಳಿದಂತೆ. ಹೇಳಿದವರ ಮೇಲೆಯೇ ಅದರ ಹೊಣೆ.

ರೋಮನ್ ಕಾನೂನೂ ಆಧುನಿಕ ಕಾನೂನೂ ಹೇಳುವುದು ಬಹುಮಟ್ಟಿಗೆ ಇದನ್ನೇ. ರೋಮನ್ ಕಾನೂನಿನ ಸಂಗ್ರಹದಲ್ಲಿ, ಹೊಣೆ ‘ಇದೆ’ ಎನ್ನುವವನದೇ ಹೊರತು ‘ಇಲ್ಲ’ ಎನ್ನುವವನದಲ್ಲ ಎಂಬ ನಿಯಮ ಪೌಲಸ್ ಎಂಬ ನ್ಯಾಯವೇತ್ತನ ಹೆಸರಿನಲ್ಲಿದೆ. ಭಾರತದ 1872ರ ಸಾಕ್ಷ್ಯ ಅಧಿನಿಯಮದ 101ನೆಯ ಕಲಮಿನ ಪ್ರಕಾರ, ಕೆಲವು ಸಂಗತಿಗಳನ್ನು ಹೇಳಿ ಅವುಗಳ ಮೇಲೆ ತೀರ್ಪು ಬೇಡುವವನು ಆ ಸಂಗತಿಗಳನ್ನು ರುಜುವಾತು ಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 104ನೆಯ ಕಲಮಾಗಿ ಮುಂದುವರಿದಿದೆ. ಆದರೂ ‘ಹೇಳಿದವನೇ ತೋರಿಸಬೇಕು’ ಎಂಬುದು ಎಲ್ಲ ಕಡೆಯೂ ಕಣ್ಣುಮುಚ್ಚಿ ಪಾಲಿಸುವ ನಿಯಮವಲ್ಲ. ಏಳು ವರ್ಷಗಳಿಂದ ಸುದ್ದಿಯೇ ಇಲ್ಲದ ಮನುಷ್ಯ ಬದುಕಿದ್ದಾನೆ ಎನ್ನುವವರ ಮೇಲೆ ಹೊಣೆ ಬೀಳುತ್ತದೆ. ಒಬ್ಬನಿಗೇ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ತೋರಿಸಬೇಕು. ಅನುಭವ, ಅನುಕೂಲ, ನ್ಯಾಯದ ದೃಷ್ಟಿ ಮೂರೂ ಸೇರಿ ಹೊಣೆಯನ್ನು ಹಂಚುತ್ತವೆ.

ನ್ಯಾಯಾಲಯಕ್ಕೂ ತತ್ತ್ವವಿಚಾರಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ನ್ಯಾಯಾಲಯ ತೀರ್ಪು ಕೊಡಲೇಬೇಕು. ಆಧಾರಗಳು ಸರಿಸಮವಾದರೆ ಹೊಣೆ ಹೊತ್ತವನು ಸೋಲುತ್ತಾನೆ, ವ್ಯಾಜ್ಯ ಮುಗಿಯುತ್ತದೆ. ದೇವರಿದ್ದಾನೆಯೇ ಎಂಬ ವಿಚಾರದಲ್ಲಿ ಅಂಥ ಗಡುವಿಲ್ಲ. ‘ಇದೆ’, ‘ಇಲ್ಲ’ ಎಂಬ ಎರಡರ ಜೊತೆಗೆ ಸಂಶಯ ಎಂಬ ಮೂರನೆಯ ನೆಲೆಯೂ ಗೌರವದ ನೆಲೆಯೇ ಆಗಿದೆ. ಎದುರಾಳಿ ರುಜುವಾತು ಮಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ತನ್ನ ಪಕ್ಷ ಗೆದ್ದಿತು ಎಂದು ತಿಳಿಯುವುದು ಈ ಕ್ಷೇತ್ರದಲ್ಲಿ ಮತ್ತೆಮತ್ತೆ ಆಗುವ ತಪ್ಪು. ಎರಡೂ ಕಡೆಯವರು ಅದನ್ನು ಮಾಡುತ್ತಾರೆ.

ಕಾಣದಿರುವುದರಿಂದ ಇಲ್ಲವೆಂದು ಹೇಳಬಹುದೇ ಎಂಬ ಪ್ರಶ್ನೆಯನ್ನು ಭಾರತದ ತಾರ್ಕಿಕರು ಬಿಡಿಸಿದಷ್ಟು ಸೂಕ್ಷ್ಮವಾಗಿ ಬಿಡಿಸಿದವರು ಕಡಿಮೆ. ನೆಲದ ಮೇಲೆ ಗಡಿಗೆ ಇದೆಯೇ ಎಂದು ಬೆಳಕಿನಲ್ಲಿ, ಕಣ್ಣು ಸರಿಯಿದ್ದವನು ನೋಡಿದ; ಕಾಣಲಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು. ಆದ್ದರಿಂದ ಗಡಿಗೆ ಇಲ್ಲ ಎಂಬುದು ಸಿದ್ಧವಾಯಿತು. ಅದೇ ನೆಲದ ಮೇಲೆ ಪಿಶಾಚಿ ಇದೆಯೇ? ಅದೂ ಕಾಣಲಿಲ್ಲ. ಆದರೆ ಪಿಶಾಚಿ ಎಂಬುದು ಕಣ್ಣಿಗೆ ಬೀಳುವ ವಸ್ತುವಲ್ಲ ಎಂದೇ ಹೇಳಲಾಗುವುದರಿಂದ, ಕಾಣದಿರುವುದು ಅದರ ಅಭಾವವನ್ನು ಸಾಧಿಸದು. 6–7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ನ್ಯಾಯಬಿಂದು’ವಿನಲ್ಲಿ ಈ ಭೇದವನ್ನು ಗಟ್ಟಿಯಾಗಿ ಹಿಡಿದಿದ್ದಾನೆ. ಕಾಣಬಹುದಾದುದರ ಅನುಪಲಬ್ಧಿ (ಕಾಣದಿರುವಿಕೆ) ಮಾತ್ರ ‘ಇಲ್ಲ’ ಎಂಬ ನಿರ್ಣಯಕ್ಕೆ ಹೇತು. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ದೂರವಾದುದರ ಅನುಪಲಬ್ಧಿ ಸಂಶಯಕ್ಕಷ್ಟೇ ಹೇತು. ಧರ್ಮಕೀರ್ತಿ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದವನು ಎಂಬುದು ಇಲ್ಲಿ ಮುಖ್ಯ. ತನ್ನ ಪಕ್ಷಕ್ಕೆ ಅನುಕೂಲವಾಗುತ್ತಿದ್ದ ಸುಲಭದ ದಾರಿಯನ್ನು ಅವನು ತಾನೇ ಮುಚ್ಚಿಕೊಂಡ.

ಈಶ್ವರನನ್ನು ಸಾಧಿಸಹೊರಟ ಮಿಥಿಲೆಯ ಉದಯನಾಚಾರ್ಯನಿಗೆ ಈ ಭೇದ ಬಹಳ ಉಪಯೋಗಕ್ಕೆ ಬಂದಿತು. 10ನೆಯ ಶತಮಾನದ ಕೊನೆಯ ಹೊತ್ತಿನ ಈ ನೈಯಾಯಿಕನ, ಅಂದರೆ ನ್ಯಾಯದರ್ಶನದ ತಾರ್ಕಿಕನ, ‘ನ್ಯಾಯಕುಸುಮಾಂಜಲಿ’ಯಲ್ಲಿ ಐದು ಸ್ತಬಕಗಳಿವೆ (ಅಧ್ಯಾಯಗಳು); ಮೂರನೆಯದರಲ್ಲಿ, ಕಾಣದ್ದರಿಂದ ಈಶ್ವರನಿಲ್ಲ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಕಾಣಲು ಯೋಗ್ಯವಾದುದು ಕಾಣದಿದ್ದರೆ ಮಾತ್ರ ಅಭಾವ ಸಿದ್ಧವಾಗುತ್ತದೆ. ಈಶ್ವರನು ಅಂಥ ವಸ್ತುವೆಂದು ಯಾರೂ ಹೇಳಿಲ್ಲ. ಕಂಡದ್ದಷ್ಟೇ ಇರುವುದು ಎಂದು ಹಟ ಹಿಡಿಯುವ ಚಾರ್ವಾಕನು ಮನೆಯಿಂದ ಹೊರಗೆ ಕಾಲಿಟ್ಟೊಡನೆ, ಹೆಂಡತಿ ಮಕ್ಕಳು ಕಣ್ಣಿಗೆ ಕಾಣದ ಕಾರಣ, ಎದೆ ಬಡಿದುಕೊಂಡು ಅಳಬೇಕಾದೀತು ಎಂದು ಉದಯನ ಕೆಣಕುತ್ತಾನೆ.

ಬರ್ಟ್ರೆಂಡ್ ರಸೆಲ್ 1952ರಲ್ಲಿ ಬರೆದ ಲೇಖನವೊಂದರ ಚಹಾ ಕುಡಿಕೆಯ ಉದಾಹರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಭೂಮಿಗೂ ಮಂಗಳಕ್ಕೂ ನಡುವೆ ಪಿಂಗಾಣಿಯ ಕುಡಿಕೆಯೊಂದು ಸೂರ್ಯನನ್ನು ಸುತ್ತುತ್ತಿದೆ, ಅದು ಯಾವ ದೂರದರ್ಶಕಕ್ಕೂ ಸಿಗದಷ್ಟು ಚಿಕ್ಕದು ಎಂದು ಯಾರಾದರೂ ಹೇಳಿದರೆ ಅದನ್ನು ಸುಳ್ಳೆಂದು ತೋರಿಸಲು ಯಾರಿಂದಲೂ ಆಗದು. ಹಾಗೆಂದು ಅದನ್ನು ಒಪ್ಪಬೇಕಾಗಿಯೂ ಇಲ್ಲ. ಧರ್ಮಕೀರ್ತಿಯ ಪಿಶಾಚಿಯಂತೆ ರಸೆಲ್‌ನ ಕುಡಿಕೆಯೂ ಕಾಣದ ವಸ್ತುವೇ. ಆದರೆ ಎರಡರಿಂದ ಹೊರಡುವ ಮಾತು ಬೇರೆ. ಪಿಶಾಚಿಯ ವಿಷಯದಲ್ಲಿ ಸಂಶಯ ಉಳಿಯುತ್ತದೆ. ಕುಡಿಕೆಯ ವಿಷಯದಲ್ಲಿ ಯಾರಿಗೂ ಸಂಶಯ ಉಳಿಯುವುದಿಲ್ಲ, ಇಲ್ಲವೆಂದೇ ಎಲ್ಲರೂ ತಿಳಿಯುತ್ತಾರೆ. ಕಾರಣ, ಕುಡಿಕೆ ಆಕಾಶಕ್ಕೆ ಹೋಗಬೇಕಾದರೆ ಯಾರೋ ಅದನ್ನು ಮಾಡಿ ಒಯ್ದಿರಬೇಕೆಂಬುದು ಮೊದಲೇ ಗೊತ್ತು. ಅಲ್ಲಿ ಕೆಲಸ ಮಾಡುವುದು ಕೇವಲ ಕಾಣದಿರುವಿಕೆ ಅಲ್ಲ, ಕುಡಿಕೆಗಳ ಬಗೆಗಿನ ಅಪಾರ ತಿಳಿವಳಿಕೆ. ದೇವರ ವಿಷಯದಲ್ಲಿ ಅಂಥ ತಿಳಿವಳಿಕೆ ಇದೆಯೇ ಎಂಬುದೇ ವಿವಾದವಾದ್ದರಿಂದ ಉದಾಹರಣೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಆ ಅರ್ಧ ದಾರಿ ಮಾತ್ರ ಗಟ್ಟಿಯಾದದ್ದು. ಸುಳ್ಳೆಂದು ತೋರಿಸಲಾಗದು ಎಂಬುದು ನಂಬಲು ಕಾರಣವಲ್ಲ. ಇಷ್ಟನ್ನು ರಸೆಲ್ ಸಾಧಿಸಿದ್ದಾನೆ.

ತತ್ತ್ವಜ್ಞಾನಿ ಆಂಟನಿ ಫ್ಲೂ 1972ರ ಪ್ರಬಂಧದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿ ನಿರಪರಾಧಿ ಎಂದು ಮೊದಲೇ ಭಾವಿಸುವಂತೆ, ವಿಚಾರವನ್ನು ನಿರೀಶ್ವರ ನೆಲೆಯಿಂದಲೇ ಆರಂಭಿಸಬೇಕು ಎಂಬುದು ಅವನ ವಾದ. ಅವನು ಹೇಳಿದ ನಿರೀಶ್ವರತೆ ‘ದೇವರಿಲ್ಲ’ ಎಂಬ ಸಿದ್ಧಾಂತವಲ್ಲ, ದೇವರನ್ನು ಇನ್ನೂ ಒಪ್ಪಿರದ ಸ್ಥಿತಿ ಅಷ್ಟೇ. ಇದಕ್ಕೆ ನೇರ ವಿರುದ್ಧವಾದ ನಿಯಮವನ್ನು ಒಂದೂವರೆ ಶತಮಾನದ ಹಿಂದೆ, 1828ರಲ್ಲಿ, ರಿಚರ್ಡ್ ವೇಟ್ಲಿ ಎಂಬ ಕ್ರೈಸ್ತ ಪಾದ್ರಿ ಹೇಳಿದ್ದನು. ಚಾಲ್ತಿಯಲ್ಲಿರುವ ವ್ಯವಸ್ಥೆಯ ಪರವಾಗಿ ಪೂರ್ವಭಾವನೆ ಇರುತ್ತದೆ; ಅದನ್ನು ಬದಲಾಯಿಸಬೇಕೆನ್ನುವವರು ಕಾರಣ ಕೊಡಬೇಕು. ವೇಟ್ಲಿ ಪ್ರಾಮಾಣಿಕ ಮನುಷ್ಯ. ಕ್ರೈಸ್ತ ಧರ್ಮ ಮೊದಲು ಸಾರಲ್ಪಟ್ಟಾಗ ಪೂರ್ವಭಾವನೆ ಅದಕ್ಕೆ ವಿರುದ್ಧವಾಗಿಯೇ ಇತ್ತೆಂದು ಅವನು ಒಪ್ಪಿದ್ದಾನೆ. ಅಂದರೆ ಅವನ ನಿಯಮ ಕಾಲ ಬದಲಾದಂತೆ ಬೇರೆ ಬೇರೆಯವರಿಗೆ ಅನುಕೂಲವಾಗುತ್ತದೆ, ಊರು ಬದಲಾದಂತೆಯೂ ಹಾಗೆಯೇ. ಇಬ್ಬರ ನಿಯಮವೂ ಚರ್ಚೆ ಎಲ್ಲಿಂದ ಆರಂಭವಾಗಬೇಕೆಂಬ ವ್ಯವಸ್ಥೆಯೇ ಹೊರತು ಸತ್ಯದ ಬಗ್ಗೆ ಒಂದು ಗುಲಗಂಜಿಯಷ್ಟೂ ಆಧಾರವಲ್ಲ. ಫ್ಲೂ ಸ್ವತಃ ತನ್ನ ಕೊನೆಗಾಲದಲ್ಲಿ, 2004ರಲ್ಲಿ, ಜಗತ್ತಿನ ಹಿಂದೆ ಬುದ್ಧಿಯುಳ್ಳ ಮೂಲಕಾರಣವೊಂದನ್ನು ಒಪ್ಪುವುದಾಗಿ ತಿಳಿಸಿದನು. ಆರಂಭದ ನೆಲೆ ಕೊನೆಯ ನೆಲೆಯಾಗಿರಬೇಕಿಲ್ಲ ಎಂಬ ತನ್ನದೇ ಮಾತಿಗೆ ಅದು ಹೊಂದುತ್ತದೆ.

ಏನನ್ನೂ ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಖಂಡಿಸುವುದಷ್ಟೇ ತನ್ನ ಕೆಲಸ ಎನ್ನಬಹುದೇ? ನ್ಯಾಯಸೂತ್ರ ವಾದ, ಜಲ್ಪ, ವಿತಂಡಾ ಎಂದು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ. ಪ್ರತಿಪಕ್ಷದ ಸ್ಥಾಪನೆ ಇಲ್ಲದ ಚರ್ಚೆಯೇ ವಿತಂಡಾ. ವಿತಂಡವಾದ ಎಂಬುದು ಇಂದು ಬೈಗುಳವಾಗಿದ್ದರೂ, ಮೊಳಕೆಯ ಸುತ್ತ ಹಾಕುವ ಮುಳ್ಳಿನ ಬೇಲಿಯಂತೆ ಅದಕ್ಕೂ ಉಪಯೋಗವಿದೆಯೆಂದು ಸೂತ್ರವೇ ಒಪ್ಪುತ್ತದೆ. ಭಾಷ್ಯಕಾರ ವಾತ್ಸ್ಯಾಯನ ಮಾತ್ರ ವೈತಂಡಿಕನನ್ನು ನಿಲ್ಲಿಸಿ ಕೇಳುತ್ತಾನೆ: ಈ ಖಂಡನೆಯ ಪ್ರಯೋಜನವೇನು? ಪ್ರಯೋಜನ ಹೇಳಿದರೆ ಅದೇ ಅವನ ಪಕ್ಷವಾಯಿತು, ಹೇಳದಿದ್ದರೆ ಅವನ ಮಾತನ್ನು ಕೇಳಬೇಕಾದ ಕಾರಣವಿಲ್ಲ. ಇಂಥ ಆಕ್ಷೇಪಕ್ಕೆ ಬೌದ್ಧ ದಾರ್ಶನಿಕ ನಾಗಾರ್ಜುನ ಮೊದಲೇ ‘ವಿಗ್ರಹವ್ಯಾವರ್ತನೀ’ಯಲ್ಲಿ, ತನಗೆ ಪ್ರತಿಜ್ಞೆಯೇ, ಅಂದರೆ ಸ್ಥಾಪಿಸಬೇಕಾದ ಪಕ್ಷವೇ, ಇಲ್ಲವೆಂದು ಉತ್ತರ ಕೊಟ್ಟಿದ್ದಾನೆ. 12ನೆಯ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ, ವಾದಕ್ಕಿಳಿಯಲು ಪ್ರಮಾಣಗಳನ್ನು ಮೊದಲೇ ಒಪ್ಪಬೇಕೆಂಬ ಕಟ್ಟುಪಾಡೂ ಬೇಡವೆಂದು ಸಾಧಿಸಿದ್ದಾನೆ. ಹೊಣೆಯಿಲ್ಲದೆ ಪ್ರಶ್ನಿಸುವ ಹಕ್ಕನ್ನು ಇಷ್ಟು ಗಂಭೀರವಾಗಿ ಸಮರ್ಥಿಸಿದವರು ಇಬ್ಬರೂ ಆಧ್ಯಾತ್ಮಿಕ ಪರಂಪರೆಯವರು ಎಂಬುದನ್ನು ಮರೆಯಬಾರದು.

ಇದುವರೆಗಿನ ಚರ್ಚೆಯಲ್ಲಿ, ಮಾತು ಹೇಳಿದವನು ಆಧಾರ ಕೊಡಬೇಕು ಎಂಬುದು ಸಹಜವೆಂದೇ ಉಳಿದಿತ್ತು. ವೇದದ ಪ್ರಾಮಾಣ್ಯವನ್ನು ಎತ್ತಿಹಿಡಿಯುವ ಮೀಮಾಂಸಕರು ಆ ನೆಲವನ್ನೇ ಅಲ್ಲಾಡಿಸಿದರು. 7ನೆಯ ಶತಮಾನದ ಕುಮಾರಿಲಭಟ್ಟನ ‘ಶ್ಲೋಕವಾರ್ತಿಕ’ದ ಪ್ರಕಾರ ಜ್ಞಾನ ಸ್ವತಃ ಪ್ರಮಾಣ. ಎದುರಿಗೆ ಹಗ್ಗ ಕಂಡರೆ ಹಗ್ಗವೆಂದು ತಿಳಿಯಲು ಬೇರೆ ಪುರಾವೆ ಬೇಕಿಲ್ಲ. ಬಾಧಿಸುವ ಇನ್ನೊಂದು ಜ್ಞಾನ ಬಂದಾಗ, ಅಥವಾ ಕಣ್ಣಿನಲ್ಲೋ ಬೆಳಕಿನಲ್ಲೋ ದೋಷ ಗೊತ್ತಾದಾಗ ಮಾತ್ರ ಅದನ್ನು ಕೈಬಿಡಬೇಕು. ಪ್ರತಿಯೊಂದು ಜ್ಞಾನಕ್ಕೂ ಮತ್ತೊಂದರ ಬೆಂಬಲ ಬೇಕೆಂದರೆ ಆ ಮತ್ತೊಂದಕ್ಕೂ ಬೇಕು, ಸರಪಳಿಗೆ ಕೊನೆಯೇ ಇಲ್ಲ. ಆದ್ದರಿಂದ ಹೊಣೆ ಸಂಶಯಪಡುವವನದು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಜ್ಞಾನದ ಪ್ರಾಮಾಣ್ಯ ಪರತಃ, ಅಂದರೆ ನೀರೆಂದು ತಿಳಿದು ಹೋದವನಿಗೆ ಬಾಯಾರಿಕೆ ತೀರಿದಾಗ ಅದು ಗೊತ್ತಾಗುತ್ತದೆ ಎಂದರು. ಈ ಸೂಕ್ಷ್ಮ ಭಿನ್ನಾಭಿಪ್ರಾಯದ ಮೇಲೆ ಶಾಸ್ತ್ರಪ್ರಾಮಾಣ್ಯದ ಇಡೀ ಕಟ್ಟಡ ನಿಂತಿದೆ. ಕುಮಾರಿಲನ ಲೆಕ್ಕದಲ್ಲಿ ಮನುಷ್ಯರ ಮಾತಿಗೆ ದೋಷ ಬರುವುದು ಹೇಳುವವನ ಅಜ್ಞಾನ, ದುರಾಸೆಗಳಿಂದ. ವೇದಕ್ಕೆ ಹೇಳಿದವನೇ ಇಲ್ಲ, ದೋಷಕ್ಕೆ ನೆಲೆಯಿಲ್ಲ, ಆದ್ದರಿಂದ ಅದರ ಪ್ರಾಮಾಣ್ಯ ಅಬಾಧಿತ. ಅದೇ ಕುಮಾರಿಲ ಸೃಷ್ಟಿಕರ್ತನಾದ ಈಶ್ವರನನ್ನೂ ಸರ್ವಜ್ಞನಾದ ಪುರುಷನನ್ನೂ ಒಪ್ಪದೆ ಬಲವಾಗಿ ಖಂಡಿಸಿದ್ದಾನೆ. ದೇವರನ್ನು ನಂಬುವುದು, ಶಾಸ್ತ್ರವನ್ನು ನಂಬುವುದು ಒಂದೇ ಗಂಟು ಎಂದು ತಿಳಿದವರಿಗೆ ಇದು ಆಶ್ಚರ್ಯ ತರುವ ಸಂಗತಿ.

ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಈ ತರ್ಕವನ್ನು ಇನ್ನಷ್ಟು ಚುರುಕುಗೊಳಿಸಿದರು. ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಅವರ ವಾದದ ಎಳೆ ಹೀಗಿದೆ: ವೇದಕ್ಕೆ ಕರ್ತೃ ಇದ್ದಾನೆಂಬುದು ಪ್ರಸಿದ್ಧವಲ್ಲ, ಪ್ರಸಿದ್ಧನಲ್ಲದ ಕರ್ತೃವನ್ನು ಕಲ್ಪಿಸಿದರೆ ಕಲ್ಪನೆಯ ಭಾರ ಹೆಚ್ಚುತ್ತದೆ, ಆದ್ದರಿಂದ ಅಪೌರುಷೇಯತ್ವ ತಾನಾಗಿಯೇ ಸಿದ್ಧ. ಹೊಣೆಯನ್ನು ಎದುರಾಳಿಯ ಹೆಗಲಿಗೆ ವರ್ಗಾಯಿಸುವ ಕೌಶಲಕ್ಕೆ ಇದಕ್ಕಿಂತ ಅಡಕವಾದ ಉದಾಹರಣೆ ಸಿಗುವುದು ಕಷ್ಟ. ಬೌದ್ಧರೂ ಜೈನರೂ ಇಂಥ ವಾದಕ್ಕೆ ಕೇಳುತ್ತ ಬಂದ ಪ್ರಶ್ನೆಯೂ ಅಷ್ಟೇ ಬಲವಾದದ್ದು. ಗ್ರಂಥವೆಂದರೆ ಬರೆದವರಿರುತ್ತಾರೆ ಎಂಬುದೇ ಲೋಕದ ಅನುಭವ. ಹೆಸರು ಮರೆತುಹೋದ ಹಳೆಯ ಬಾವಿಗೂ ತೋಡಿದವರಿದ್ದರು. ಹೀಗಿರುವಾಗ ಕರ್ತೃವಿಲ್ಲ ಎಂಬುದೇ ವಿಶೇಷವಾದ ಮಾತಲ್ಲವೇ? ಯಾವುದು ಹಗುರ ಕಲ್ಪನೆ, ಯಾವುದು ಭಾರ ಎಂಬ ತೂಕ ಎರಡೂ ಪಕ್ಷಗಳಲ್ಲಿ ಬೇರೆ ಬೇರೆಯಾಗಿದೆ. ಬಾವಿಯ ಮಾತನ್ನು ಮುಂದಿಟ್ಟು ನೋಡಿದರೆ ಪ್ರಶ್ನೆ ಕೇಳಿದವರ ಕಡೆಗೆ ತಕ್ಕಡಿ ವಾಲುತ್ತದೆ ಎನ್ನಬೇಕಾಗುತ್ತದೆ.

ಅಮೆರಿಕದ ಆಲ್ವಿನ್ ಪ್ಲಾಂಟಿಂಗ 1983ರ ದೀರ್ಘ ಪ್ರಬಂಧದಲ್ಲಿ ಮೀಮಾಂಸಕರ ದಾರಿಗೆ ಸಮೀಪವಾದ ದಾರಿಯನ್ನು ಹಿಡಿದನು. ಬೆಳಗ್ಗೆ ತಿಂಡಿ ತಿಂದ ನೆನಪನ್ನಾಗಲಿ, ಎದುರಿಗಿರುವ ಮನುಷ್ಯನಿಗೆ ಮನಸ್ಸಿದೆ ಎಂಬುದನ್ನಾಗಲಿ ಯಾರೂ ಪುರಾವೆಯ ಮೇಲೆ ನಂಬುವುದಿಲ್ಲ; ಆದರೂ ಆ ನಂಬಿಕೆಗಳು ಯುಕ್ತ. ದೇವರ ನಂಬಿಕೆಯೂ ಹಾಗೆ ಬುಡದಲ್ಲಿರುವ ನಂಬಿಕೆಯಾಗಬಹುದು ಎಂಬುದು ಅವನ ವಾದ. ಹಾಗಾದರೆ ಯಾರು ಬೇಕಾದರೂ ಯಾವ ವಿಚಿತ್ರ ನಂಬಿಕೆಯನ್ನಾದರೂ ಬುಡದ ನಂಬಿಕೆ ಎನ್ನಬಹುದಲ್ಲ ಎಂಬ ಆಕ್ಷೇಪವನ್ನು ಅವನೇ ಎತ್ತಿಕೊಂಡು ಉತ್ತರಿಸಿದ್ದಾನೆ. ಆ ಉತ್ತರ ಎಲ್ಲರಿಗೂ ತೃಪ್ತಿ ಕೊಟ್ಟಿಲ್ಲ. ತಿಂಡಿಯ ನೆನಪಿನಲ್ಲಿ ಲೋಕ ಒಂದಾಗುತ್ತದೆ; ದೇವರ ವಿಷಯದಲ್ಲಿ ಒಬ್ಬರ ಬುಡದ ನಂಬಿಕೆ ಇನ್ನೊಬ್ಬರದನ್ನು ಬಾಧಿಸುತ್ತದೆ. ಕುಮಾರಿಲನ ಮಾತಿನಲ್ಲೇ ಹೇಳುವುದಾದರೆ ಬಾಧಕ ಜ್ಞಾನ ಎದುರಿಗೆ ನಿಂತಿದೆ. ಬಾಧಕ ಬಂದ ಮೇಲೆ ಸ್ವತಃಪ್ರಾಮಾಣ್ಯದ ರಕ್ಷಣೆ ಸಿಗದು. ಹೊಣೆ ಮತ್ತೆ ನಂಬುವವನ ಕಡೆಗೆ ಹೊರಳುತ್ತದೆ. ಅವನ ಮನಸ್ಸಿನೊಳಗಿನ ನಂಬಿಕೆಗಾಗಿ ಅಲ್ಲದಿದ್ದರೂ, ಇನ್ನೊಬ್ಬರೂ ಅದನ್ನು ಒಪ್ಪಬೇಕೆಂದು ಕೇಳುವ ಹೊತ್ತಿಗೆ.

ಹೊಣೆಯನ್ನು ತಾವಾಗಿಯೇ ಹೊತ್ತವರೂ ಇದ್ದಾರೆ. ಉದಯನ ತನ್ನ ಗ್ರಂಥದ ಆರಂಭದಲ್ಲೇ ಹೇಳುತ್ತಾನೆ: ಎಲ್ಲ ಪಂಥದವರೂ ಯಾವುದೋ ಹೆಸರಿನಲ್ಲಿ ಪರಮತತ್ತ್ವವನ್ನು ಆರಾಧಿಸುತ್ತಿರುವಾಗ ಈಶ್ವರನಲ್ಲಿ ಸಂಶಯಕ್ಕೆ ಎಡೆಯೆಲ್ಲಿ? ಆದರೂ ತರ್ಕದ ಈ ಚರ್ಚೆ ಮನನವೆಂಬ ಉಪಾಸನೆ. ಬಲವಂತಕ್ಕಲ್ಲ, ಭಕ್ತಿಗಾಗಿ ರುಜುವಾತಿಗಿಳಿದ ಅವನ ಮುಖ್ಯ ವಾದ, ಗಡಿಗೆಯಂತೆ ಭೂಮಿಯೂ ಕಾರ್ಯವಾದ್ದರಿಂದ ಅದಕ್ಕೂ ಬುದ್ಧಿಯುಳ್ಳ ಕರ್ತೃ ಇರಬೇಕು ಎಂಬುದು. ಈ ಬಗೆಯ ವಾದ ಉದಯನನಿಗಿಂತ ಹಳೆಯದು. ಧರ್ಮಕೀರ್ತಿ ಅದಕ್ಕೆ ಆಗಲೇ ಉತ್ತರ ಕೊಟ್ಟಿದ್ದ. ಗಡಿಗೆ ಮಣ್ಣಿನದು, ಹುತ್ತವೂ ಮಣ್ಣಿನದು. ಅಷ್ಟರಿಂದ ಹುತ್ತವನ್ನು ಕುಂಬಾರ ಮಾಡಿದ ಎಂದು ಹೇಳಲಾದೀತೇ? ಉದಯನನ ನಂತರ, 11ನೆಯ ಶತಮಾನದಲ್ಲಿ, ವಿಕ್ರಮಶಿಲೆಯ ರತ್ನಕೀರ್ತಿ ‘ಈಶ್ವರಸಾಧನದೂಷಣ’ ಎಂಬ ಗ್ರಂಥವನ್ನೇ ಬರೆದು, ಕಾರ್ಯಕ್ಕೆಲ್ಲ ಕರ್ತೃ ಇರಲೇಬೇಕೆಂಬ ಆ ವ್ಯಾಪ್ತಿಯನ್ನು ಅಲುಗಿಸಿದನು.

ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜಾಚಾರ್ಯರ ನಿಲುವು ಇಲ್ಲಿ ಕುತೂಹಲಕಾರಿ. ಪರಮ ಆಸ್ತಿಕರಾದ ಅವರು ‘ಶ್ರೀಭಾಷ್ಯ’ದಲ್ಲಿ ನೈಯಾಯಿಕರ ಈ ವಾದವನ್ನು ನಿರ್ದಾಕ್ಷಿಣ್ಯವಾಗಿ ಒಡೆಯುತ್ತಾರೆ. ಕರ್ತೃ ಒಬ್ಬನೇ ಏಕಿರಬೇಕು? ದೊಡ್ಡ ಅರಮನೆಯನ್ನು ಕಟ್ಟುವವರು ಹಲವರು. ಲೋಕವೆಲ್ಲ ಒಮ್ಮೆಗೇ ಆಯಿತೆಂಬುದಕ್ಕೆ ಆಧಾರವೇನು? ಕಂಡ ಕರ್ತೃಗಳಿಗೆಲ್ಲ ಶರೀರವಿದೆ. ಹಾಗಾದರೆ ಈಶ್ವರನಿಗೂ ಅಂಥದ್ದೇ ಶರೀರ ಬೇಕಾದೀತು. ಬ್ರಹ್ಮನನ್ನು ತಿಳಿಯಲು ಶಾಸ್ತ್ರವೊಂದೇ ದಾರಿ ಎಂಬುದು ಅವರ ತೀರ್ಮಾನ. ತಮ್ಮ ಪಕ್ಷವನ್ನೇ ಬೆಂಬಲಿಸುವಂತಿದ್ದ ವಾದ ಸಡಿಲವೆಂದು ಕಂಡಾಗ ಅದನ್ನು ಬಿಟ್ಟುಕೊಟ್ಟ ಈ ನಿಷ್ಠುರತೆ ಧರ್ಮಕೀರ್ತಿಯದಕ್ಕೆ ಸಮನಾದದ್ದು.

ಆಧಾರವಿಲ್ಲದೆ ನಂಬುವುದು ತಪ್ಪೇ ಎಂಬುದು ಹೊಣೆಯ ನೈತಿಕ ಮುಖ. ಡಬ್ಲ್ಯು.ಕೆ. ಕ್ಲಿಫರ್ಡ್ 1877ರ ಪ್ರಬಂಧದಲ್ಲಿ, ಹಡಗು ಶಿಥಿಲವಾಗಿದೆಯೆಂಬ ಅನುಮಾನವನ್ನು ಅದುಮಿಕೊಂಡು ಅದನ್ನು ಸಮುದ್ರಕ್ಕೆ ಬಿಟ್ಟ ಮಾಲೀಕನ ಕಥೆ ಹೇಳಿ, ಸಾಕಷ್ಟಿಲ್ಲದ ಆಧಾರದ ಮೇಲೆ ನಂಬುವುದು ಎಲ್ಲರಿಗೂ ಎಲ್ಲೆಲ್ಲೂ ತಪ್ಪೆಂದು ಸಾರಿದನು. ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟನು: ಆಧಾರ ಎರಡೂ ಕಡೆ ತೀರ್ಮಾನಕ್ಕೆ ಸಾಲದೆ, ಆಯ್ಕೆಯನ್ನು ಮುಂದೂಡಲೂ ಆಗದೆ, ಬದುಕಿನ ದೊಡ್ಡ ವಿಷಯವೊಂದು ಎದುರಾದಾಗ ಹೃದಯದ ಒಲವನ್ನು ಅನುಸರಿಸುವ ಹಕ್ಕು ಮನುಷ್ಯನಿಗಿದೆ. ಕ್ಲಿಫರ್ಡನ ಉದಾಹರಣೆಯಲ್ಲಿ ಮುಳುಗಿದವರು ಬೇರೆಯವರು; ಜೇಮ್ಸ್ ಸಮರ್ಥಿಸುವುದು ನಂಬುವವನು ತನ್ನ ಬದುಕನ್ನೇ ಪಣಕ್ಕಿಡುವ ಸಂದರ್ಭವನ್ನು. ಈ ಭೇದವನ್ನು ಗಮನಿಸಿದರೆ ಇಬ್ಬರ ಜಗಳ ಅರ್ಧದಷ್ಟು ತೀರುತ್ತದೆ.

ಪವಾಡಗಳ ವಿಷಯ ಇವುಗಳಿಗಿಂತ ಸರಳ, ಏಕೆಂದರೆ ಪವಾಡ ಕಣ್ಣಿಗೆ ಕಾಣುವಂಥದ್ದು ಎಂದೇ ಹೇಳಲಾಗುತ್ತದೆ. ಅದು ಗಡಿಗೆಯ ಜಾತಿಯದು, ಪಿಶಾಚಿಯ ಜಾತಿಯದಲ್ಲ. ಡೇವಿಡ್ ಹ್ಯೂಮ್ 1748ರಲ್ಲಿ ಹೇಳಿದ ಅಳತೆ ಪ್ರಸಿದ್ಧವಾಗಿದೆ: ಸಾಕ್ಷಿ ಸುಳ್ಳಾಗುವುದು ಪವಾಡಕ್ಕಿಂತಲೂ ಹೆಚ್ಚು ಅಸಂಭವವಾಗಿದ್ದರೆ ಮಾತ್ರ ಪವಾಡವನ್ನು ನಂಬಬೇಕು. ಅದೇ ಪ್ರಬಂಧದಲ್ಲಿ ಅವನು ಭಾರತದ ರಾಜಕುಮಾರನೊಬ್ಬನನ್ನು ತರುತ್ತಾನೆ. ಚಳಿಗೆ ನೀರು ಹೆಪ್ಪುಗಟ್ಟುತ್ತದೆ ಎಂಬ ವರದಿಯನ್ನು ಆ ರಾಜಕುಮಾರ ಮೊದಮೊದಲು ನಂಬಲಿಲ್ಲ. ಅವನ ಅನುಭವದ ಮಟ್ಟಿಗೆ ಅವನು ಸರಿಯಾಗಿಯೇ ಯೋಚಿಸಿದ ಎನ್ನುತ್ತಾನೆ ಹ್ಯೂಮ್. ಆದರೆ ಮಂಜುಗಡ್ಡೆ ಇದ್ದದ್ದು ನಿಜ. ಅಳತೆಗೋಲು ಎಷ್ಟು ಬಿಗಿಯಿದ್ದರೂ ಬಲವಾದ ಸಾಕ್ಷಿ ಬಂದಾಗ ಬಾಗಿಲು ತೆರೆಯಬೇಕು ಎಂಬುದು ಈ ಉದಾಹರಣೆಯೊಳಗೇ ಅಡಗಿದೆ.

ಹ್ಯೂಮನಿಗಿಂತ ಸಾವಿರ ವರ್ಷಕ್ಕೂ ಹಿಂದೆ ಜೈನಾಚಾರ್ಯ ಸಮಂತಭದ್ರ ಪವಾಡದ ಬಗ್ಗೆ ಆಡಿದ ಮಾತು ಇನ್ನೂ ದಿಟ್ಟವಾದದ್ದು. ಶ್ರವಣಬೆಳಗೊಳದ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಕೊಂಡಾಡುವ ಈ ವಾದಿ ‘ಆಪ್ತಮೀಮಾಂಸೆ’ಯನ್ನು ಜಿನನನ್ನೇ ಉದ್ದೇಶಿಸಿ ಆರಂಭಿಸುತ್ತಾನೆ. ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರದ ವೈಭವ ಇವೆಲ್ಲ ಮಾಯಾವಿಗಳಲ್ಲೂ ಕಾಣುತ್ತವೆ. ಆದ್ದರಿಂದ ನೀನು ನಮಗೆ ದೊಡ್ಡವನಾದದ್ದು ಇವುಗಳಿಂದಲ್ಲ ಎಂಬುದು ಅವನ ಮೊದಲ ಮಾತಿನ ಸಾರ. ಆಪ್ತನೆನಿಸುವುದಕ್ಕೆ, ಅಂದರೆ ನಂಬಲರ್ಹನೆನಿಸುವುದಕ್ಕೆ, ನಿರ್ದೋಷತೆ ಬೇಕು, ಅವನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗಬಾರದು. ಎದುರಾಳಿಗೆ ಹೊರಿಸಿದ ಹೊಣೆಯನ್ನು ತನ್ನ ಆರಾಧ್ಯನಿಗೂ ಹೊರಿಸುವ ಈ ಧೈರ್ಯದ ಮೇಲೆ ಅಕಲಂಕ ‘ಅಷ್ಟಶತಿ’ಯನ್ನೂ ವಿದ್ಯಾನಂದ ‘ಅಷ್ಟಸಹಸ್ರಿ’ಯನ್ನೂ ಕಟ್ಟಿದರು.

ಅದೇ ನಾಡಿನಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಕುರಿತು ತನಿಖೆ ನಡೆಸಲು ಸಮಿತಿಯೊಂದನ್ನು ರಚಿಸಿದರು. ‘ಪರೀಕ್ಷಿಸಬಹುದಾದ’ ಎಂಬ ಎಲ್ಲೆಯೇ ಸಮಿತಿಯ ಜಾಣತನ. ದೇವರ ಅಸ್ತಿತ್ವ ಅದರ ವಿಷಯವಾಗಿರಲಿಲ್ಲ. ಸತ್ಯಸಾಯಿಬಾಬಾ ಅವರಿಗೆ, ನಿಯಂತ್ರಿತ ಸನ್ನಿವೇಶದಲ್ಲಿ ಪವಾಡ ತೋರಿಸಬೇಕೆಂದು ನರಸಿಂಹಯ್ಯನವರು ಪತ್ರಗಳನ್ನು ಬರೆದರೂ ಉತ್ತರ ಬರಲಿಲ್ಲ. ಅದಕ್ಕೂ ಮುಂಚೆ, 1963ರಲ್ಲಿ, ಶ್ರೀಲಂಕಾದಲ್ಲಿದ್ದ ಅಬ್ರಹಾಂ ಕೋವೂರ್, ಮೋಸಕ್ಕೆ ಆಸ್ಪದವಿಲ್ಲದ ಕಡೆ ಪವಾಡ ಮಾಡಿ ತೋರಿಸುವವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿದ್ದರು. ಉತ್ತರ ಕೊಡದಿರುವುದು ಮೋಸಕ್ಕೆ ಪುರಾವೆಯಲ್ಲ. ಆದರೆ ಪವಾಡವನ್ನು ಹಿರಿಮೆಯ ಆಧಾರವಾಗಿ ಸಾರುವವರು ಪರೀಕ್ಷೆಯನ್ನು ಬೇಡವೆಂದರೆ ಆ ಆಧಾರವನ್ನು ಲೆಕ್ಕದಿಂದ ತೆಗೆದುಬಿಡಬೇಕಾಗುತ್ತದೆ. ಸಮಂತಭದ್ರ ಜಿನನ ವಿಷಯದಲ್ಲಿ ಮಾಡಿದ್ದು ಅದನ್ನೇ.

ನಂಬಿಕೆ ನ್ಯಾಯಾಲಯದ ಮೆಟ್ಟಿಲೇರಿದಾಗ ಹೊಣೆಯ ರೂಪ ಮತ್ತೆ ಬದಲಾಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1944ರ ಬಲ್ಲಾರ್ಡ್ ಪ್ರಕರಣದಲ್ಲಿ, ದೈವಶಕ್ತಿಯಿಂದ ರೋಗ ವಾಸಿಮಾಡುವುದಾಗಿ ಹೇಳಿ ಹಣ ಪಡೆದ ಆರೋಪ ಹೊತ್ತವರ ನಂಬಿಕೆ ಸತ್ಯವೇ ಎಂದು ಜ್ಯೂರಿ ವಿಚಾರಿಸಕೂಡದು, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದರೇ ಎಂದಷ್ಟೇ ವಿಚಾರಿಸಬಹುದು ಎಂದಿತು. ನಂಬಲು ಅರ್ಹವಾದುದೇ ಎಂಬುದನ್ನು ಬಿಟ್ಟು ನಂಬಿದ್ದರೇ ಎಂಬುದನ್ನು ಬೇರೆ ಮಾಡುವುದು ಹೇಗೆ ಎಂದು ಭಿನ್ನಮತದ ನ್ಯಾಯಮೂರ್ತಿ ಜಾಕ್ಸನ್ ಎತ್ತಿದ ಪ್ರಶ್ನೆಗೆ ಇಂದಿಗೂ ಪೂರ್ತಿ ಸಮಾಧಾನ ಸಿಕ್ಕಿಲ್ಲ. ಭಾರತದಲ್ಲಿ 1986ರಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಹಾಡದ ಕಾರಣ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ನೋಡಿದ್ದೂ ನಂಬಿಕೆಯ ಪ್ರಾಮಾಣಿಕತೆಯನ್ನೇ.

ಇದಕ್ಕಿಂತ ಭಾರವಾದ ಹೊಣೆ ಇನ್ನೊಂದು ಸಾಲಿನ ತೀರ್ಪುಗಳಿಂದ ಬಂದಿದೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ 1954ರ ಪ್ರಕರಣದಲ್ಲಿ, ಧರ್ಮವೊಂದರ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳನ್ನೇ ನೋಡಿ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಜ್ಮೀರ್ ದರ್ಗಾ ಸಮಿತಿಯ 1961ರ ತೀರ್ಪಿನಲ್ಲಿ, ಧರ್ಮದೊಳಗೆ ಹೊರಗಿನಿಂದ ಬಂದು ಸೇರಿದ ಮೂಢ ಆಚರಣೆಗಳನ್ನು ಶೋಧಿಸಿ ಬೇರ್ಪಡಿಸುವ ಮಾತು ಬಂತು. ಧರ್ಮದವರು ಹೇಳಿದ್ದೇ ಸಾಕು ಎಂಬ ಸ್ಥಿತಿ ಹೋಗಿ, ಅತ್ಯಗತ್ಯವೆಂದು ತೋರಿಸಬೇಕಾದ ಹೊಣೆ ಅವರ ಮೇಲೆ ಬಿತ್ತು. 2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಅರ್ಜಿದಾರರ ವಿರುದ್ಧ ಹೋದದ್ದು ಈ ಹೊಣೆಯ ಮೇಲೆಯೇ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಯಾವ ಗ್ರಂಥವನ್ನು ನೋಡಬೇಕು, ಯಾವ ಪಂಡಿತರನ್ನು ಕೇಳಬೇಕು, ಭಕ್ತೆಯೊಬ್ಬಳ ಅಂತಃಸಾಕ್ಷಿಗೆ ಎಷ್ಟು ತೂಕ ಎಂಬುದು ತೀರ್ಪಿನಿಂದ ತೀರ್ಪಿಗೆ ಬದಲಾಗುತ್ತ ಬಂದಿದೆ. ಧರ್ಮದ ಒಳಗಿನವರೇ ಶತಮಾನಗಳಿಂದ ಒಮ್ಮತಕ್ಕೆ ಬಾರದ ವಿಷಯವನ್ನು ಅರ್ಜಿದಾರರು ಕೆಲವು ವಾರಗಳ ವಿಚಾರಣೆಯಲ್ಲಿ ರುಜುವಾತು ಮಾಡಬೇಕೆನ್ನುವುದು ನ್ಯಾಯದ ದೃಷ್ಟಿಯಿಂದ ಕಠಿಣವೇ. ಅತ್ಯಗತ್ಯ ಆಚರಣೆ ಯಾವುದೆಂದು ನ್ಯಾಯಾಲಯ ಎಷ್ಟರಮಟ್ಟಿಗೆ ವಿಚಾರಿಸಬಹುದು ಎಂಬ ಪ್ರಶ್ನೆಯನ್ನು ಶಬರಿಮಲೆ ದೇಗುಲದ ಮಹಿಳಾ ಪ್ರವೇಶದ ತೀರ್ಪಿನ ಮರುಪರಿಶೀಲನೆಯ ಸಂದರ್ಭದಲ್ಲಿ, 2019ರ ನವೆಂಬರ್ 14ರಂದೇ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 3–2ರ ಬಹುಮತದಿಂದ ಇನ್ನೂ ದೊಡ್ಡ ಪೀಠದ ವಿಚಾರಣೆಗೆ ಒಪ್ಪಿಸಿತು.